ರಾಣಿಯ ಡಾಬು, ಭಂಡಾರಿಯ ಕಾವಲು

“ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಮಹಾಪ್ರಭು! ನಾನೇ ಎದುರಿಗೆ ಕೂತು ಕಾಯುತ್ತೇನೆ. ಒಂದು ಗುಲಗಂಜಿ ತೂಕ ಕಡಿಮೆಯಾದರೂ ಅವನ ಬಲಗೈ ಕತ್ತರಿಸಿ,” ಎಂದು ಭಂಡಾರಿ ತೋಂಟಪ್ಪ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಬಿಳಿಗಲ್ಲು ಕೋಟೆಯ ದೊರೆಯದು ಹಿತ್ತಾಳೆ ಕಿವಿ. “ಹಾಗೇ ಆಗಲಿ,” ಎಂದುಬಿಟ್ಟ.

ರಾಣಿಯ ಡಾಬಿಗೆಂದು ತೂಗಿಕೊಟ್ಟ ಚಿನ್ನ ಹಿಡಿದು ನಿಂತಿದ್ದ ಅರಮನೆಯ ಅಕ್ಕಸಾಲಿ ಮೋನಪ್ಪಾಚಾರಿ ತನ್ನ ಬಲಗೈಯನ್ನೊಮ್ಮೆ ನೋಡಿಕೊಂಡ. ಅರ ಉಜ್ಜಿದರೆ ಪುಡಿ ಹಾರದೆ ಇರುತ್ತದೆಯೇ? ನೆಲಕ್ಕೆ ಬಿದ್ದದ್ದನ್ನು ಗುಡಿಸಬಹುದು. ಗಾಳಿಗೆ ಹೋದದ್ದನ್ನು ಯಾರು ಹಿಡಿಯುತ್ತಾರೆ? ರಾತ್ರಿಯಿಡೀ ಅವನಿಗೆ ನಿದ್ದೆ ಹತ್ತಲಿಲ್ಲ. ಬೆಳಗಾಗುವಷ್ಟರಲ್ಲಿ ಮುಖದಲ್ಲಿ ನಗು ಬಂದಿತ್ತು.

ಭಂಡಾರಿ ಬಂದೊಡನೆ ಆಚಾರಿ ಕಿಟಕಿಯ ಗಾಳಿ ಬೀಸಿ ಹೋಗುವ ದಿಕ್ಕಿಗೇ ಮಣೆ ಹಾಕಿದ.

“ಬನ್ನಿ ಬುದ್ಧಿ, ಇನ್ನೂ ಹತ್ರ ಬನ್ನಿ. ದೂರ ಕೂತ್ರೆ ನಾನು ಕದಿಯೋದು ಹೆಂಗೆ ಕಾಣ್ಬೇಕು?”

“ಹಾಗೆ ಬಾ ದಾರಿಗೆ!” ಎಂದು ಭಂಡಾರಿ ಅರದ ಮೇಲೇ ಮೂಗಿಟ್ಟು ಕೂತ. ಅವನ ಮೀಸೆಯೋ, ಹರಳೆಣ್ಣೆ ಬಿಟ್ಟರೆ ನೀರು ಕಂಡದ್ದೇ ಇಲ್ಲ. ತಿಂಗಳಿಡೀ ಆಚಾರಿ ಅರ ಉಜ್ಜಿದ, ಭಂಡಾರಿ ಮೀಸೆ ತಿರುವಿದ.

ಡಾಬು ತಕ್ಕಡಿ ಏರಿತು. ಎರಡು ಗುಲಗಂಜಿ ಕಡಿಮೆ!

“ಕಳ್ಳ! ಕೈ ಕತ್ತರಿಸಿ!” ಭಂಡಾರಿ ಕುಣಿದಾಡಿದ.

“ಕತ್ತರಿಸಿ ಮಹಾಪ್ರಭು,” ಎಂದ ಆಚಾರಿ. “ಆದ್ರೆ ಮೊದ್ಲು ಭಂಡಾರಿಗಳ ಮೀಸೆ ಕತ್ತರಿಸಿ. ಹಾರಿದ ಚಿನ್ನವೆಲ್ಲ ಅಲ್ಲೇ ಅಂಟಿದೆ. ಸಿಗದಿದ್ರೆ ನನ್ನ ಎರಡೂ ಕೈ ನಿಮ್ಮವು.”

ಸಭೆ ಗೊಳ್ಳೆಂದಿತು. ಭಂಡಾರಿ ಮೀಸೆ ಮುಚ್ಚಿಕೊಂಡು ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಕ್ಷೌರಿಕ ನಿಂತಿದ್ದ.

ಚಿನ್ನ ಕರಗಿಸುವ ಮೂಸೆಗೆ ಮೀಸೆ ಬಿತ್ತು. ಆಚಾರಿ ಬೆಂಕಿ ಊದಿದ. ಕೂದಲು ಸುಟ್ಟ ನಾತಕ್ಕೆ ದೊರೆಯೇ ಮೂಗು ಹಿಡಿದುಕೊಂಡ. ಕೊನೆಗೆ ಮೂಸೆಯ ತಳದಲ್ಲಿ ಪುಟ್ಟ ಹಳದಿ ಮಣಿಯೊಂದು ಉಳಿಯಿತು. ತೂಗಿದರೆ ಮೂರು ಗುಲಗಂಜಿ!

“ಭಲೇ ಆಚಾರಿ, ನಿನ್ನ ಕೈ ಉಳಿಯಿತು!” ಎಂದು ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುನಗುತ್ತಲೇ ಹುಬ್ಬು ಗಂಟಿಕ್ಕಿದ. “ಅಲ್ಲಯ್ಯಾ, ಕಳೆದದ್ದು ಎರಡು, ಸಿಕ್ಕಿದ್ದು ಮೂರು. ಇನ್ನೊಂದು ಎಲ್ಲಿಯದು?”

ಆಚಾರಿ ಕೈ ಮುಗಿದ. “ನನ್ನ ಮುಂದಿನಿಂದ ಎದ್ದರೆ ಅವರು ಹೋಗಿ ಕೂರೋದು ನಿಮ್ಮ ಬೊಕ್ಕಸದಲ್ಲಿ, ಮಹಾಪ್ರಭು. ಅಲ್ಲಿ ನಿಮ್ಮ ವರಹಗಳಿಗೆ ಅರ ಉಜ್ಜೋರು ಯಾರು ಅಂತ ಅವರನ್ನೇ ಕೇಳಿ!”