ಬೆನ್ನಿನ ಮೇಲಿನ ಗೆರೆಗಳು

ನೀಲಮ್ಮ ತಾಯಿಯ ಮಠ ಹೊಳೆಯ ಆಚೆ ದಂಡೆಗಿತ್ತು. ಮಠವೆಂದರೆ ಒಂದು ಗುಡಿಸಲು, ಒಂದು ಬೇವಿನ ಮರ, ಮಣ್ಣು ತುಳಿಯುವ ಒಂದು ಗುಂಡಿ. ಅಷ್ಟೇ.

ಪಂಪಣ್ಣ ಹರಿಗೋಲಿನಲ್ಲಿ ದಾಟಿ ಬಂದ. ತೊಡೆಯ ಮೇಲೆ ಹುಲ್ಲು ಹಾಸಿದ ಬುಟ್ಟಿ, ಬುಟ್ಟಿಯಲ್ಲಿ ಮೊಳದೆತ್ತರದ ಮಣ್ಣಿನ ಗಣಪ. ಹರಿಗೋಲಿನವನು ಇಣುಕಿ ನೋಡಿ, ಹಬ್ಬ ಇನ್ನೂ ಆರು ತಿಂಗಳಿರುವಾಗಲೇ ಹೊಳೆಗೆ ಬಿಡಲು ಹೊರಟಿರೇನು ಸಾವ್ಕಾರ್ರೇ ಎಂದು ನಕ್ಕಿದ್ದ. ಪಂಪಣ್ಣ ನಗಲಿಲ್ಲ. ನೀರು ಸಿಡಿದೀತೆಂದು ಟವೆಲ್ಲು ಮುಚ್ಚಿ, ಬುಟ್ಟಿಯನ್ನು ಅಪ್ಪಿಕೊಂಡು ಕೂತ.

ಆ ಗಣಪ ಅವನ ಗುರು ಮೌನೇಶಪ್ಪನವರು ಮಾಡಿದ್ದು. ಮೌನೇಶಪ್ಪ ನಲವತ್ತು ವರ್ಷ ಹಸಿಮಣ್ಣಿನ ಗಣಪನನ್ನೇ ಮಾಡಿದರು. ನಲವತ್ತು ವರ್ಷದ ಗಣಪಗಳೂ ಹೊಳೆ ಸೇರಿದವು. ನೀರಿಗೆ ಬಿಡಲೆಂದೇ ಮಾಡುವ ಸರಕಿಗೆ ದಾಸ್ತಾನು ಎಲ್ಲಿಂದ ಬರಬೇಕು?

ಇದೊಂದು ಉಳಿದದ್ದು ಸೂತಕದಿಂದ. ಏಳು ವರ್ಷದ ಹಿಂದೆ ಇದನ್ನು ಕೊಂಡ ಮನೆಯಲ್ಲಿ, ಹಬ್ಬದ ಹಿಂದಿನ ದಿನ ಹಿರಿಯರು ತೀರಿಕೊಂಡರು. ಪೂಜೆ ಆಗಲಿಲ್ಲ. ಪ್ರಾಣಪ್ರತಿಷ್ಠೆ ಆಗದ ಮೂರ್ತಿಯನ್ನು ನೀರಿಗೆ ಬಿಡುವ ಹಂಗಿಲ್ಲವೆಂದು ಅಟ್ಟಕ್ಕೆ ಏರಿಸಿದರು, ಮರೆತರು.

ಮೌನೇಶಪ್ಪ ಹೋಗಿ ಮೂರು ವರ್ಷ. ಅವರ ಕಲೆ ಉಳಿಸಬೇಕೆಂದು ಊರಿನ ಹನ್ನೊಂದು ಜನ ಸೇರಿ ಸಂಘ ಕಟ್ಟಿದರು. ಲಾಭದ ಉದ್ದೇಶವಿಲ್ಲದ ಸಂಘವೆಂದು ನೋಂದಣಿ ಕಾಗದದಲ್ಲೇ ಬರೆಸಿದರು. ಪಾತ್ರೆ ಅಂಗಡಿಯ ಪಂಪಣ್ಣನಿಗೆ ಲಾಭವಿಲ್ಲದ ಕೆಲಸ ಹೊಸದು. ಆದರೂ ಕಾರ್ಯದರ್ಶಿಯಾದ. ಹನ್ನೊಂದು ಜನರಲ್ಲಿ ವಕೀಲರಿದ್ದರು, ಹೆಡ್‌ಮಾಸ್ತರರಿದ್ದರು. ಗುರುಗಳ ಹತ್ತಿರ ಒಂಬತ್ತು ವರ್ಷ ಮಣ್ಣು ಕಲಿತವನು ಅವನೊಬ್ಬನೇ.

ಅಟ್ಟದ ಗಣಪನನ್ನು ಬೇಡಿ ತಂದವನು ಅವನು. ಗಾಜಿನ ಪೆಟ್ಟಿಗೆ ಮಾಡಿಸಿದವನೂ ಅವನು. ಮೂರ್ತಿಯನ್ನು ಯಾರೂ ಕೈಯಿಂದ ಮುಟ್ಟಬಾರದೆಂಬ ನಿಯಮ ಬರೆದದ್ದೂ ಅವನೇ. ಬರೆದವನೂ ಮುಟ್ಟಲಿಲ್ಲ. ಇವತ್ತು ಬುಟ್ಟಿಗೆ ಇಡುವಾಗಲೂ ಬಟ್ಟೆ ಸುತ್ತಿಯೇ ಎತ್ತಿದ್ದ.

ಸಂಘಕ್ಕೆ ಬಂದವರು ಗಣಪನ ಮುಖ ನೋಡುವರು. ಪಂಪಣ್ಣ ಬೆನ್ನು ನೋಡುವನು. ಮುಖ, ಸೊಂಡಿಲು, ಹೊಟ್ಟೆ ಎಲ್ಲ ನುಣ್ಣಗೆ. ಬೆನ್ನ ಮೇಲೆ ಮಾತ್ರ ಬೆರಳಾಡಿದ ನಾಲ್ಕು ಗೆರೆ, ಒಂದು ಹೆಬ್ಬೆಟ್ಟಿನ ಗುಳಿ. ದಿನಾ ಅಂಗಡಿ ತೆರೆಯುವ ಮುಂಚೆ ಅಲ್ಲಿ ನಿಂತು ಹೋಗುವನು. ಗುರುಗಳ ಫೋಟೊ ನೋಡಿದರೆ ಆಗದ್ದು ಆ ಗೆರೆ ನೋಡಿದರೆ ಆಗುತ್ತಿತ್ತು. ಕೈ ಈಗಷ್ಟೇ ತೆಗೆದ ಹಾಗಿದ್ದವು.

ಈಗ ಆ ಬೆನ್ನೇ ಬಿರುಕು ಬಿಟ್ಟಿತ್ತು. ಭುಜದಿಂದ ಸೊಂಟದವರೆಗೆ, ಗೆರೆಗಳ ಪಕ್ಕದಲ್ಲೇ.

ನೀಲಮ್ಮ ಇದನ್ನೆಲ್ಲ ಕೇಳುತ್ತಲೇ ಗುಂಡಿಯಲ್ಲಿ ಮಣ್ಣು ತುಳಿಯುತ್ತಿದ್ದರು. ಮೌನೇಶಪ್ಪನವರಿಗೇ ಮಣ್ಣಿನ ಹದ ಕಲಿಸಿದವರು ಅವರು. ಇಷ್ಟು ಮಣ್ಣು ಯಾರಿಗೆ ಎಂದು ಪಂಪಣ್ಣ ಕೇಳಿದ.

"ಮೌನೇಶಪ್ಪನ ಪಾಲಿಂದು. ವರ್ಷಾ ತುಳದಿಡತೀನಿ. ಒಯ್ಯಾಕ ಯಾರೂ ಬರವಲ್ಲರು."

ಪಂಪಣ್ಣ ಮಾತು ಬದಲಿಸಿದ. ನಾಡಿದ್ದು ಸಭೆಯಿದೆ. ಕುಂಬಾರರ ಆವಿಗೆಯಲ್ಲಿ ಸುಟ್ಟುಬಿಡೋಣ, ಗಟ್ಟಿಯಾಗುತ್ತದೆ ಎಂದು ಅರ್ಧ ಜನ ಹಟ ಹಿಡಿದಿದ್ದಾರೆ. ಅಷ್ಟರೊಳಗೆ ಬಿರುಕು ಮುಚ್ಚಿ ತೋರಿಸದಿದ್ದರೆ ಒಯ್ದೇ ಒಯ್ಯುತ್ತಾರೆ.

"ಒಳಗ ಪೊಳ್ಳಿಲ್ಲದ ಗಟ್ಟಿ ಹೊಟ್ಟಿ ಗಣಪ. ಆವಿಗಿಗೆ ಇಟ್ಟರ ಒಡದು ಚೂರಾಗತೈತಿ," ಎಂದರು ನೀಲಮ್ಮ. "ನಿಮ್ಮ ಸಂಘದಾಗ ಮಣ್ಣು ಮುಟ್ಟಿದವರು ಯಾರೂ ಇಲ್ಲೇನು?"

"ನಾ ಅದೀನವ್ವ."

"ಕಡೀಗೆ ಯಾವಾಗ ಮುಟ್ಟಿದ್ದಿ?"

ಗುರುಗಳು ಹೋದ ಮೇಲೆ ಪಂಪಣ್ಣ ಮಣ್ಣು ಮುಟ್ಟಿರಲಿಲ್ಲ. ಅವರಿಲ್ಲದೆ ಕೂತರೆ ಕೈ ಏಳುತ್ತಿರಲಿಲ್ಲ. ಬಿರುಕಿಗೆ ಮೂರು ಸಲ ಹಸಿಮಣ್ಣು ತುಂಬಿದ್ದು ಕೂಡ ಬಿದಿರು ಕಡ್ಡಿಯ ತುದಿಯಿಂದ. ಮೂರು ಸಲವೂ ಅದು ಒಣಗಿ ಹಕ್ಕಳೆಯಂತೆ ಉದುರಿತ್ತು.

"ಅಂಚು ತೊಯ್ಸಿದ್ದೇನು?"

"ಇಲ್ಲವ್ವ."

"ಒಣ ಮಣ್ಣಿಗೆ ಹಸಿ ಮಣ್ಣು ಹತ್ತಂಗಿಲ್ಲ. ಮೊದಲನೇ ವರ್ಷದ ಪಾಠ ಇದು. ಒಂಬತ್ತು ವರ್ಷ ಅವ ನಿನ್ನ ಬರೇ ಚಹಾ ತರಾಕ ಇಟಗೊಂಡಿದ್ದನೇನು?"

"ಪಾಠ ಗೊತ್ತೈತಿ. ತೊಯ್ಸಿದರ ಗೆರಿ ಅಳಿಸಿ ಹೊಕ್ಕಾವ. ಅವರ ಕೈ ಅಂತ ಉಳಿದದ್ದು ಅದೊಂದ."

ನೀಲಮ್ಮ ಗುಂಡಿಯಿಂದ ಮೇಲೆ ಬಂದರು. ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಟವೆಲ್ಲು ತೆಗೆದು, ಗಣಪನನ್ನು ಬರಿಗೈಯಲ್ಲಿ ಎತ್ತಿ ಬೆನ್ನು ಈಚೆ ಮಾಡಿ ನಿಲ್ಲಿಸಿದರು. ಬಹಳ ಹೊತ್ತು ನೋಡಿದರು.

"ಗುಳಿಯಾಗ ಹೆಬ್ಬೆಟ್ಟು ಇಡು."

ನಿಯಮದ ಮಾತು ಪಂಪಣ್ಣನ ನಾಲಿಗೆಯ ತುದಿಗೆ ಬಂತು. ಆದರೂ ಬಲಗೈ ಚಾಚಿದ. ಹೆಬ್ಬೆಟ್ಟು ಗುಳಿಗೆ ಅಡ್ಡವಾಯಿತು. ಬೆರಳುಗಳು ಗೆರೆಗಳಿಗೆ ಸಿಕ್ಕದೆ ಹೊರಗೇ ಉಳಿದವು.

"ಗುರುವಿನ ಕೈಗೆ ನನ್ನ ಕೈ ಹೆಂಗ ಹೊಂದೀತವ್ವ," ಎಂದ.

"ಅವ ಬಲಗೈಯವ. ಅವನ ಗುರುತಾಗಿದ್ದರ ನಿನ್ನ ಬಲಗೈ ಕೂಡಬೇಕಿತ್ತು. ನೀ ಉಣ್ಣೂದು ಬಿಟ್ಟು ಉಳಿದದ್ದೆಲ್ಲ ಯಾವ ಕೈಲೆ ಮಾಡತಿ?"

ಪಂಪಣ್ಣ ಎಡಗೈ ಇಟ್ಟ.

ಹೆಬ್ಬೆಟ್ಟು ಗುಳಿಯೊಳಗೆ ಇಳಿಯಿತು. ನಾಲ್ಕು ಬೆರಳೂ ನಾಲ್ಕು ಗೆರೆಯ ಮೇಲೆ, ಅಳತೆ ಕೊಟ್ಟು ಮಾಡಿಸಿದ ಮುಚ್ಚಳದಂತೆ, ಕೂತವು.

ಅವನು ಕೈ ತೆಗೆಯಲಿಲ್ಲ. ಹಬ್ಬದ ಹಿಂದಿನ ವಾರ ಅರವತ್ತು ಮೂರ್ತಿ ಸಾಲಾಗಿರುತ್ತಿದ್ದವು. ಮುಂಭಾಗ ಗುರುಗಳದೇ, ಬೆನ್ನು ಒಮ್ಮೆ ಅವರು ತೀಡುವರು, ಒಮ್ಮೆ ಅವನು. ಯಾವುದು ಯಾರು ತೀಡಿದ್ದೆಂದು ಯಾರು ನೆನಪಿಟ್ಟಾರು? ಗುರುಗಳದೆಂದು ಆಸೆ ಹೇಳಿತ್ತು, ಅವನು ನಂಬಿದ್ದ. ಮೂರು ವರ್ಷ ಯಾರದೋ ಬಾಗಿಲು ಕಾಯ್ದು, ಅದು ತನ್ನದೇ ಮನೆಯೆಂದು ತಿಳಿದವನ ಹಾಗಿತ್ತು ಮುಖ.

"ಹಂಗಾದ್ರ ಅವರ ಬೆರಳು ಎಲ್ಲಿ ಐತವ್ವ?"

"ಮುಂದ ಎಲ್ಲಾ ಅವನದ. ಬೆರಳು ಕಾಣದಂಗ ಒರೆಸ್ಯಾನ. ತನ್ನ ಗುರುತು ಇಟ್ಟು ಒಂದ ಗಣಪನ್ನೂ ಹೊಸ್ತಿಲ ದಾಟಿಸಿದವನಲ್ಲ ಅವ."

ಪಂಪಣ್ಣ ಹೊಳೆಯ ಕಡೆ ತಿರುಗಿ ಕೂತ. ಬಿರುಕಿನ ಮಾತು, ಸಭೆಯ ಮಾತು ಎರಡೂ ಅವನಿಗೆ ಮರೆತುಹೋಗಿದ್ದವು.

"ಒಮ್ಮೆ ಅವರ ದನಿ ಕೇಳಿದ್ದರ ಸಾಕಿತ್ತು," ಎಂದ ಕೊನೆಗೆ.

ನೀಲಮ್ಮ ಒಂದು ಬಟ್ಟೆಯನ್ನು ನೀರಿಗೆ ಅದ್ದಿ ಹಿಂಡುತ್ತಿದ್ದರು.

"ನೀ ಬೆನ್ನು ಹಿಂಗ ಗೆರಿ ಉಳಿಸಿ ಬಿಟ್ಟದ್ದು ಕಂಡರ ಅವ ಏನಂತಿದ್ದ?"

ಪಂಪಣ್ಣ ನೆನಪು ಮಾಡಿಕೊಳ್ಳಬೇಕಾಗಲಿಲ್ಲ. ಬಾಯಿಂದ ಬಂದದ್ದು ಅವನ ದನಿಯೇ ಅಲ್ಲ. ಮೌನೇಶಪ್ಪನವರದು, ಮೂಗಿನಿಂದ ಎಳೆದು, ಕಡೆಯ ಮಾತಿಗೆ ಅರ್ಧ ನಗುತ್ತ.

"ದೇವರಿಗೆ ಬೆನ್ನಿಲ್ಲೇನೋ ಎಡಚಾ? ಒರೆಸು."

ಅಂದವನು ತಾನೇ ಬೆಚ್ಚಿದ. ಕೈ ಬಾಯಿಗೆ ಹೋಯಿತು. ಕಣ್ಣು ತುಂಬಿದವು.

ನೀಲಮ್ಮ ಒದ್ದೆ ಬಟ್ಟೆಯನ್ನು ಅವನ ಎಡಗೈಗೆ ಕೊಟ್ಟರು.

"ಏಳು ವರ್ಷದಿಂದ ಹೇಳಾಕತ್ತಾನ. ಇನ್ನೂ ಕುಂತೀಯಲ್ಲೋ."