ಖಣ ಕಟ್ಟಿದ ಲಿವರ್

ಹೊಳೆದಂಡೆಯ ಮಠದಲ್ಲಿ ಒಂದು ಹಳೆಯ ಜೀಪಿತ್ತು. ಬೇಕೆಂದಾಗ ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಕೊಡುವಂಥ ಜೀಪು. ಆ ಬೇಸಿಗೆಯಲ್ಲಿ ಅದು ಸದ್ದು ಮಾಡತೊಡಗಿತು.

"ಸದ್ದು ಅಂದ್ರ ಎಂಥಾದ್ದು?" ಎಂದು ಕೇಳಿದರು ಅಡವಯ್ಯಜ್ಜ.

"ತಿರುವಿನಾಗ ಕಟಕ್ ಅಂತೈತ್ರಿ ಅಜ್ಜಾರ. ಆಮ್ಯಾಲ ಒಳಗೊಳಗ ನರಳತೈತಿ. ಸ್ಟೇರಿಂಗು ಕಲ್ಲಾಗೈತಿ," ಎಂದ ಶಿಷ್ಯ ಮರುಳಪ್ಪ.

"ನೀ ಏನ್ ಮಾಡಿದಿ?"

"ಗಾಲಿ ಬೇರಿಂಗ್ ನೋಡಿದೆ. ಜಾಯಿಂಟಿನ ಕ್ರಾಸು ಬದಲಿ ಮಾಡಿದೆ. ಗೇರ್ ಆಯಿಲ್ ಹೊಸಾದು ಹಾಕಿದೆ. ಪ್ಯಾಟ್ಯಾಗ ದಾವಲ್ ಮಿಸ್ತ್ರಿ ಜಾಕ್ ಹಚ್ಚಿ, ನಾಕೂ ಗಾಲಿ ಎತ್ತಿ ತಿರುಗಿಸಿ ನೋಡಿದ್ರು."

"ಏನಂದ ಮಿಸ್ತ್ರಿ?"

"ಎತ್ತಿಕೊಂಡ್ರ ಸುಮ್ಮನಾಗತೈತಿ, ನೆಲಕ್ಕಿಟ್ರ ಅಳತೈತಿ, ಇಂಥಾ ಕೂಸು ನಾ ನೋಡಿಲ್ಲ ಅಂದ್ರು."

ಅಜ್ಜ ನಕ್ಕರು. ಜೀಪಿನ ಹತ್ತಿರ ಮಾತ್ರ ಹೋಗಲಿಲ್ಲ.

ಕಾವಿ ಉಡುವ ಮೊದಲು ಅಡವಯ್ಯಜ್ಜ ಅಣೆಕಟ್ಟಿನ ಕ್ಯಾಂಪಿನಲ್ಲಿ ಜೀಪು ಓಡಿಸಿದವರು. ಮೋಕ್ಷದ ಬಗ್ಗೆ ಕೇಳಿದರೆ ಸುಮ್ಮನೆ ಕೂರುತ್ತಿದ್ದರು. ಕ್ಲಚ್ಚಿನ ಬಗ್ಗೆ ಕೇಳಿದರೆ ಸಂಜೆಯವರೆಗೆ ಹೇಳುತ್ತಿದ್ದರು. ಈ ಸದ್ದಿನ ಬಗ್ಗೆ ಏನೂ ಹೇಳದಿದ್ದುದು ಮರುಳಪ್ಪನಿಗೆ ಸೋಜಿಗವೆನಿಸಿತು. ಒಳಗೊಳಗೆ ಸಮಾಧಾನವೂ ಆಯಿತು.

ಸಮಾಧಾನಕ್ಕೆ ಕಾರಣವಿತ್ತು.

ಒಂದು ಕಾಲದಲ್ಲಿ ಮರುಳಪ್ಪ ಕುಡಿದು ಕುಡಿದು ಮನೆಯವರಿಗೂ ಬೇಡವಾಗಿದ್ದ. ಇದೇ ದಂಡೆಯ ಕೆಸರಿನಲ್ಲಿ ಬೋರಲು ಬಿದ್ದಿದ್ದವನನ್ನು ಅಜ್ಜ ಎಳೆದು ತಂದಿದ್ದರು. ಬೈಯಲಿಲ್ಲ, ಆಣೆ ಹಾಕಿಸಲಿಲ್ಲ. ಮೊದಲು ರೊಟ್ಟಿ ಬಡಿಯಲು ಹಂಚು ಕೊಟ್ಟರು, ಆಮೇಲೆ ಜೀಪಿನ ಕೀಲಿ ಕೊಟ್ಟರು. ಅಂದಿನಿಂದ ಅವನು ಕುಡಿದಿಲ್ಲ. ಅಜ್ಜನನ್ನು ಬಿಟ್ಟು ಒಂದು ರಾತ್ರಿಯೂ ಬೇರೆ ಕಡೆ ಮಲಗಿಲ್ಲ.

ಈಗ ಅಜ್ಜ ಅವನಿಗೆ ಹೋಗು ಎಂದಿದ್ದರು.

"ಮಳಿಗಾಲ ಹಿಡಿಯೋದ್ರಾಗ ಜೀಪು ತಗೊಂಡು ಆಚಿ ದಂಡಿಗೆ ಹೋಗು. ಅಲ್ಲೇ ಇರು."

ಹೇಳಿದ್ದರಲ್ಲಿ ನ್ಯಾಯವಿತ್ತು. ಹೊಳೆ ತುಂಬಿದರೆ ಜೀಪೂ ದಾಟಲಾರದು. ಆಚೆಯವರಿಗೆ ಆಗ ಉಳಿಯುವುದು ದೂರದ ಸೇತುವೆ ಸುತ್ತಿ ಆಸ್ಪತ್ರೆಗೆ ಹೋಗುವ ಮಣ್ಣುದಾರಿಯೊಂದೇ. ಆ ಕೆಸರಿನಲ್ಲಿ ಹೋಗಬಲ್ಲ ಗಾಡಿ ಸುತ್ತಮುತ್ತ ಇದೊಂದೇ. ಅದು ಈಚೆ ಉಳಿದರೆ ಆಚೆಯವರ ಗತಿ ದೇವರಿಗೇ ಗೊತ್ತು. ಆಚೆ ದಂಡೆಯ ಕಲ್ಲವ್ವನ ಕಿರಿ ಸೊಸೆಗೆ ದಿನ ತುಂಬುತ್ತ ಬಂದಿದೆ ಎಂದು ಹರಿಗೋಲಿನವನು ಬೇರೆ ಹೇಳಿ ಹೋಗಿದ್ದ.

"ಹೋಗ್ತೀನ್ರಿ ಅಜ್ಜಾರ," ಎಂದಿದ್ದ ಮರುಳಪ್ಪ. "ಈ ಸದ್ದೊಂದು ನಿಲ್ಲಲಿ."

ಒಲ್ಲದ ಗಂಡನಿಗೆ ಮೊಸರಿನಲ್ಲಿ ಕಲ್ಲು ಎನ್ನುತ್ತಾರೆ. ಮರುಳಪ್ಪನ ಮಟ್ಟಿಗೆ ಮೊಸರಿನಲ್ಲಿ ಕಲ್ಲು ನಿಜವಾಗಿಯೂ ಇತ್ತು. ಅದನ್ನು ಅವನು ದಿನವೂ ಹುಡುಕುತ್ತಿದ್ದ. ಸಿಗಲಿಲ್ಲವೆಂದು ದಿನವೂ ಹಾಯಾಗಿ ಮಲಗುತ್ತಿದ್ದ.

ಒಂದು ಬೆಳಿಗ್ಗೆ ಹೊಳೆಯ ನೀರು ಕೆಂಪಾಗಿತ್ತು. ಮೇಲೆ ಎಲ್ಲೋ ಮಳೆ ಬಿದ್ದಿತ್ತು.

ಅಜ್ಜ ನೀರನ್ನು ನೋಡಿದರು. ಕೋಲು ಹಿಡಿದು ಬಂದು ಜೀಪಿನ ಎಡಗಡೆ ಹತ್ತಿ ಕೂತರು.

"ನಡಿ, ಉಸುಕಿನಾಗ ಹೋಗೂಣು."

ದಂಡೆಯ ಉಸುಕಿನಲ್ಲಿ ಮರುಳಪ್ಪ ಜೀಪು ಓಡಿಸಿದ. ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಜೀಪು ತುಟಿ ಬಿಚ್ಚಲಿಲ್ಲ.

"ಇಲ್ಲಿ ಅಳವಲ್ದಲ್ಲೋ?"

"ಹೌದ್ರಿ. ಇಲ್ಲಿ ಸುಮ್ಮನ ಐತಿ."

"ಈಗ ಮ್ಯಾಲ ನಡಿ."

ಆ ಬೇಸಿಗೆಯಲ್ಲಷ್ಟೇ ಮಠದ ಅಂಗಳದವರೆಗೆ ಹೊಸ ಟಾರು ಬಿದ್ದಿತ್ತು. ಅಂಗಳದ ನಡುವೆ ಬೇವಿನ ಕಟ್ಟೆ. ಮರುಳಪ್ಪ ಕಟ್ಟೆಯನ್ನು ಸುತ್ತತೊಡಗಿದ್ದೇ ತಡ, ಕೆಳಗಿನಿಂದ ಕಟಕ್ ಎಂದಿತು. ಮತ್ತೆ ಕಟಕ್. ಟೈರು ಕಿರುಗುಟ್ಟಿತು. ಅಜ್ಜನ ಮೈ ಮುಂದಕ್ಕೆ ತುಯ್ದಿತು.

"ನಿಲ್ಲಸು. ಎರಡು ಕೊಡ ನೀರು ತಾ."

ಮರುಳಪ್ಪ ತಂದ.

"ಒಂದ ಬಾಜೂದ ಗಾಲಿ ಎರಡಕ್ಕೂ ಸುರುವು. ಮುಂದಿಂದಕ್ಕೂ, ಹಿಂದಿಂದಕ್ಕೂ. ಸುರುವಿ ಒಂದು ಸುತ್ತು ಹೊಡಿ."

ಪೂಜೆಗೆಂದು ತಿಳಿದ ಮರುಳಪ್ಪ ಭಕ್ತಿಯಿಂದಲೇ ನೀರೆರೆದ. ಸುತ್ತು ಹೊಡೆದು ಕೆಳಗಿಳಿದಾಗ ಕರಿ ಟಾರಿನ ಮೇಲೆ ಎರಡು ಒದ್ದೆ ಗೆರೆ ಮೂಡಿದ್ದವು. ಒಂದು ಕಟ್ಟೆಗೆ ಹತ್ತಿರ, ಒಂದು ದೂರ.

"ಹೊರಗಿಂದು ಯಾರದು?" ಎಂದರು ಅಜ್ಜ.

ಮರುಳಪ್ಪ ಬಗ್ಗಿ ನೋಡಿದ. "ಮುಂದಿನ ಗಾಲಿದ್ರಿ."

"ಒಳಗಿಂದು?"

"ಹಿಂದಿಂದು. ಮುಂದಿನ ಗಾಲಿ ದೊಡ್ಡ ಸುತ್ತು ಹೋಗೈತ್ರಿ."

ಇಷ್ಟು ವರ್ಷ ಸ್ಟೇರಿಂಗು ಹಿಡಿದವನು ತನ್ನ ಗಾಲಿಯ ಗೆರೆಯನ್ನು ಅಂದೇ ಮೊದಲು ನೋಡಿದ್ದ. ಗೆರೆ ಬಿಸಿಲಿಗೆ ಆರುವ ತನಕ ಅಲ್ಲೇ ನಿಂತ.

ಅಜ್ಜ ಹೆಗಲ ಮೇಲಿನ ಶಲ್ಯ ತೆಗೆದರು. ಒಂದು ತುದಿಯನ್ನು ತಮ್ಮ ಮುಂಗೈಗೆ ಕಟ್ಟಿಕೊಂಡರು. ಇನ್ನೊಂದು ತುದಿಯನ್ನು ಮರುಳಪ್ಪನ ಮುಂಗೈಗೆ ಕಟ್ಟಿದರು.

"ನಾ ಒಂದು ಹೆಜ್ಜಿ ಇಟ್ರ ನೀನೂ ಒಂದ ಇಡಬೇಕು. ನನ್ನಷ್ಟ ಉದ್ದಂದು. ಹೆಚ್ಚಿಲ್ಲ, ಕಡಿಮಿ ಇಲ್ಲ. ತಿಳೀತಿಲ್ಲೋ?"

"ತಿಳೀತ್ರಿ."

ಅಂಗಳದ ಉದ್ದಕ್ಕೂ ಇಬ್ಬರೂ ಜೋಡೆತ್ತಿನಂತೆ ನಡೆದರು. ಶಲ್ಯ ಸಡಿಲವಾಗಿ ತೂಗುತ್ತಿತ್ತು. ಮರುಳಪ್ಪನಿಗೆ ಹಿತವೆನಿಸಿತು. ಸಾಯುವ ತನಕ ಹೀಗೇ ನಡೆಯಬಹುದಲ್ಲ ಎಂದುಕೊಂಡ.

ಕಟ್ಟೆ ಬಂತು. ಅಜ್ಜ ಒಳಗಿನಿಂದ ತಿರುಗಿದರು, ಮರುಳಪ್ಪ ಹೊರಗಿನಿಂದ. ಹೆಜ್ಜೆಗೆ ಹೆಜ್ಜೆ ಇಟ್ಟರೂ ಅವನು ಹಿಂದೆ ಬಿದ್ದ. ಶಲ್ಯ ಬಿಗಿಯಿತು. ಅಜ್ಜ ಇನ್ನೊಂದು ಹೆಜ್ಜೆ ಇಟ್ಟರು. ಕೈ ಜಗ್ಗಿ, ಮುಗ್ಗರಿಸಿ, ಕಟ್ಟೆಯ ಕಲ್ಲಿಗೆ ಮೊಣಕಾಲು ಬಡಿಸಿಕೊಂಡರು.

ಮರುಳಪ್ಪ ಹೌಹಾರಿ ಹಿಡಿದುಕೊಂಡ. "ತಪ್ಪಾತ್ರಿ ಅಜ್ಜಾರ! ನಿಮ್ಮನ್ನ ಕೆಡವಿದೆ!"

"ನೀ ಹೆಜ್ಜಿ ತಪ್ಪಿದೇನು?"

"ಇಲ್ರಿ."

"ನಾ ತಪ್ಪಿದ್ನೇನು?"

"ಇಲ್ರಿ."

"ಮತ್ತ ಕಟಕ್ ಅಂದದ್ದು ಯಾವುದು?"

ಮರುಳಪ್ಪ ಶಲ್ಯವನ್ನು ನೋಡಿದ. ಆಮೇಲೆ ಜೀಪನ್ನು ನೋಡಿದ. ಅದರೊಳಗೆ, ಗೇರಿನ ಪಕ್ಕದಲ್ಲಿ ನಿಂತಿದ್ದ ಸಣ್ಣ ಲಿವರನ್ನು ನೋಡಿದ. ಅದಕ್ಕೊಂದು ಹಸಿರು ಬಟ್ಟೆ ಕಟ್ಟಿತ್ತು.

ಆ ಲಿವರಿನ ಕಥೆ ಊರಿಗೆಲ್ಲ ಗೊತ್ತು. ಹೋದ ಮಳೆಗಾಲದಲ್ಲಿ ಕಲ್ಲವ್ವನ ಹಿರಿ ಸೊಸೆಗೆ ಹೆರಿಗೆ ನೋವು ಬಂದು ಕರೆತರುವಾಗ ಜೀಪು ನಡುಹೊಳೆಯಲ್ಲಿ ಹೂತಿತ್ತು. ಹಿಂದಿನ ಗಾಲಿ ತಿರುಗಿದಷ್ಟೂ ಕೆಳಗಿಳಿಯುತ್ತಿತ್ತು, ನೀರು ಏರುತ್ತಿತ್ತು. ಆಗ ಮರುಳಪ್ಪ ಆ ಲಿವರ್ ಎಳೆದ. ಹಿಂದಿನ ಗಾಲಿಗೆ ಮುಂದಿನದೂ ಜೊತೆಯಾಯಿತು. ಜೀಪು ಎಮ್ಮೆಯ ಹಾಗೆ ಮೈ ಕೊಡವಿ ಎದ್ದಿತು. ತಾಯಿ ಉಳಿದಳು, ಕೂಸು ಉಳಿಯಿತು. ಬಾಣಂತನ ಮುಗಿದ ಮೇಲೆ ಕಲ್ಲವ್ವ ಬಂದು ಲಿವರಿಗೆ ಕುಂಕುಮ ಹಚ್ಚಿ, ಸೊಸೆಯ ಕುಪ್ಪಸದ ಖಣದಲ್ಲಿ ಒಂದು ಚೂರು ಹರಿದು ಕಟ್ಟಿ, ಕಣ್ಣೀರು ಹಾಕಿ ಹೋಗಿದ್ದಳು.

ಅಂದು ಎಳೆದ ಲಿವರನ್ನು ಮರುಳಪ್ಪ ಮರಳಿ ತಳ್ಳಿರಲಿಲ್ಲ. ಮರೆತಿದ್ದಲ್ಲ. ಎರಡು ಜೀವ ಉಳಿಸಿದ್ದನ್ನು ಕೆಲಸ ಮುಗಿಯಿತೆಂದು ತಳ್ಳುವುದು ಅವನಿಂದ ಆಗಲಿಲ್ಲ. ಬೆಳಿಗ್ಗೆ ಅಜ್ಜನ ಪಾದ ಮುಟ್ಟಿದ ಮೇಲೆ ಆ ಲಿವರನ್ನೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ದಾವಲ್ ಮಿಸ್ತ್ರಿಯೂ ಖಣ ನೋಡಿ, ದೇವರ ಕಟ್ಟು ನಮಗ್ಯಾಕೆ ಎಂದು ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬಿಚ್ಚಿ ನೋಡಿದ್ದ.

"ಮುಂದಿನ ಗಾಲಿನ್ನ, ಹಿಂದಿನ ಗಾಲಿನ್ನ ನಾನ ಕಟ್ಟಿ ಇಟ್ಟೀನ್ರಿ," ಎಂದ ಮರುಳಪ್ಪ ಮೆಲ್ಲಗೆ. "ಉಸುಕು ಜಾರತೈತಿ, ಅಲ್ಲಿ ಗಾಲಿಗೆ ಬಿಡುವು ಸಿಗತೈತಿ. ಗಟ್ಟಿ ನೆಲದಾಗ ಜಾರಾಕ ಜಾಗಿಲ್ಲ. ಒಂದನ್ನೊಂದು ಜಗ್ಗಾಡತಾವು."

ಅಜ್ಜ ತಮ್ಮ ಮುಂಗೈಯ ಗಂಟು ಬಿಚ್ಚಿಕೊಂಡು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು.

"ಖಣ ಬಿಚ್ಚಬೇಕೇನ್ರಿ?"

"ಯಾಕ? ಆಕಿ ಕಟ್ಟಿದ್ದು ಲಿವರಿಗೆ. ಲಿವರಿನ ಕೂಡ ಅದೂ ಸರೀತೈತಿ."

ಮರುಳಪ್ಪ ಒಳಗೆ ಕೂತು ಲಿವರ್ ತಳ್ಳಿದ. ಅಲುಗಲಿಲ್ಲ. ಎರಡೂ ಕೈ ಹಾಕಿದ. ಹಣೆಯಲ್ಲಿ ಬೆವರು ಬಂತು.

"ಜೋರು ಮಾಡಬ್ಯಾಡ," ಎಂದರು ಅಜ್ಜ. "ಬಿಗಿ ಹಿಡಿದೈತಿ. ಸ್ವಲ್ಪ ಹಿಂದಕ ಬಾ."

ಮರುಳಪ್ಪ ರಿವರ್ಸ್ ಹಾಕಿ ಜೀಪನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟ. ಸುತ್ತಿಕೊಂಡಿದ್ದ ಬಿಗಿ ಕೆಳಗೆ ಎಲ್ಲೋ ಬಿಚ್ಚಿಕೊಂಡಿತು. ಬೆರಳು ತಾಗಿಸಿದ್ದೇ ಸಾಕು, ಲಿವರ್ ತಾನಾಗಿ ಸರಿಯಿತು. ಹಸಿರು ಖಣವೂ ಅದರ ಜೊತೆ ಸರಿಯಿತು.

ಕಟ್ಟೆಯನ್ನು ಮತ್ತೊಂದು ಸುತ್ತು ಹೊಡೆದ. ಬೇವಿನ ಮರದ ಗಿಳಿಗಳ ಗಲಾಟೆ ಕೇಳುವಷ್ಟು ಜೀಪು ಮೆತ್ತಗಾಗಿತ್ತು.

ಮರುಳಪ್ಪನಿಗೆ ನಗು ಬಂತು. ಹಿಂದೆಯೇ ತಾನು ಕೊಟ್ಟ ಮಾತು ನೆನಪಾಯಿತು. ಸದ್ದು ನಿಂತಿತ್ತು. ಇನ್ನು ಹೋಗಬೇಕು.

ಇಳಿದು ಬಂದು ಅಜ್ಜನ ಮುಂದೆ ನಿಂತ. ಮುಂಗೈಯಲ್ಲಿ ಶಲ್ಯದ ತುದಿ ಇನ್ನೂ ಕಟ್ಟಿಯೇ ಇತ್ತು.

"ಅಜ್ಜಾರ, ನಿಮಗ ಮೊದಲಿಂದ ಗೊತ್ತಿತ್ತೇನ್ರಿ?"

"ಸದ್ದು ಕೇಳಿದ ದಿನಾನ ಗೊತ್ತಾತು."

"ಮತ್ತ ಯಾಕ ಹೇಳ್ಲಿಲ್ಲ?"

ಅಜ್ಜ ಹೊಳೆಯ ಕಡೆ ಮುಖ ತಿರುಗಿಸಿದರು.

"ನೀ ಮಾಡೋ ರೊಟ್ಟಿ ಚಲೋ ಇರ್ತಾವು," ಎಂದರು. "ಸದ್ದು ಇರೋತನಕ ನೀ ಹೋಗಂಗಿಲ್ಲಂತ ನನಗೂ ಗೊತ್ತಿತ್ತಲ್ಲ."

ಬಿಡಲಾರದವನು ತಾನೊಬ್ಬನೇ ಎಂದು ಮರುಳಪ್ಪ ತಿಳಿದಿದ್ದ. ಅಲ್ಲೇ ಉದ್ದಕ್ಕೆ ಬಿದ್ದು ಅಜ್ಜನ ಪಾದ ಹಿಡಿದ. ಕೆಸರಿನಿಂದ ಎತ್ತಿದ್ದಕ್ಕೆ, ಹಂಚು ಕೊಟ್ಟಿದ್ದಕ್ಕೆ, ಕೀಲಿ ಕೊಟ್ಟಿದ್ದಕ್ಕೆ, ಇಷ್ಟು ವರ್ಷ ಒಂದು ಸಲವೂ ಅದನ್ನು ಎತ್ತಿ ಆಡದೆ ಇದ್ದುದಕ್ಕೆ ಅತ್ತ. ಅಜ್ಜ ಅವನನ್ನು ಅಳಲು ಬಿಟ್ಟರು. ಆಮೇಲೆ ಬಗ್ಗಿ ಅವನ ಮುಂಗೈಯ ಗಂಟು ಬಿಚ್ಚಿದರು. ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡರು.

ಮಧ್ಯಾಹ್ನದೊಳಗೆ ಹಂಚು, ಹಾಸಿಗೆ, ಜೋಳದ ಹಿಟ್ಟಿನ ಚೀಲ ಜೀಪು ಸೇರಿದವು. ಅಜ್ಜನಿಗೆಂದು ಮರುಳಪ್ಪ ಒಂದು ಬುಟ್ಟಿ ತುಂಬ ಖಡಕ್ ರೊಟ್ಟಿ ಬಡಿದಿಟ್ಟ. ಕೆಂಪು ನೀರು ಈಗಿನ್ನೂ ದಾಟುವಷ್ಟಿತ್ತು, ಸಂಜೆಗೆ ಏರಿದರೆ ದಾಟಲು ಬಿಡುತ್ತಿರಲಿಲ್ಲ.

ನೀರಿನ ಅಂಚಿನ ತನಕ ಅಜ್ಜ ಜೊತೆಯಲ್ಲೇ ಬಂದರು, ಕುಂಟುತ್ತ.

"ಈಗ ಹಾಕು," ಎಂದರು.

ಮರುಳಪ್ಪ ಲಿವರ್ ಎಳೆದ. ನಾಲ್ಕೂ ಗಾಲಿ ಒಂದಾದವು. ಆದರೆ ಕ್ಲಚ್ಚಿನಿಂದ ಕಾಲು ತೆಗೆಯಲಿಲ್ಲ.

"ಅಜ್ಜಾರ, ಒಂದು ಮಾತು."

"ಹೇಳಪಾ."

"ಅಲ್ಲಿ ನಾ ಒಬ್ಬಾವ ಇರ್ತೀನಿ. ಹೊಳಿ ತುಂಬಿ, ಮುಸ್ಸಂಜಿ ಆಗಿ, ಮನಸು ಮತ್ತ ಕುಡಿಯಾಕ ಎಳದ್ರ? ಮತ್ತ ಕೆಸರಿಗೆ ಬಿದ್ರ? ಹಿಡದು ಎಳಿಯಾಕ ನೀವು ಬಾಜೂಕ ಇರಂಗಿಲ್ಲ."

ಅಜ್ಜ ಜೀಪಿನೊಳಗೆ ಕೈ ಚಾಚಿದರು. ಹಸಿರು ಖಣದ ಗಂಟನ್ನು ಇನ್ನಷ್ಟು ಬಿಗಿ ಮಾಡಿದರು.

"ಕೆಸರು ಬಂದಾಗ ಹಾಕ್ಕೊ, ದಾಟಿದ ಮ್ಯಾಲ ಬಿಡು. ಲಿವರ್ ಎಲ್ಲೂ ಹೋಗಂಗಿಲ್ಲ, ತಮ್ಮಾ."