ಚಾವಡಿಯ ಹನ್ನೊಂದು ಮಕ್ಕಳು

"ನನ್ನ ಪಟ್ಟಣದ ಮಕ್ಕಳಷ್ಟು ಸುಖವಾಗಿರುವ ಮಕ್ಕಳನ್ನು ಇನ್ನೊಂದು ರಾಜ್ಯದಲ್ಲಿ ತೋರಿಸಿ, ನೋಡೋಣ" ಎಂದು ನೀಲಾಪಟ್ಟಣದ ಅರಸ ಚಂದ್ರಭೂಪ ತುಂಬಿದ ಸಭೆಯಲ್ಲಿ ಸವಾಲು ಹಾಕಿದ. ಅರಸನ ಸವಾಲಿಗೆ ಉತ್ತರ ಕೊಡುವ ಪದ್ಧತಿ ಅಲ್ಲಿರಲಿಲ್ಲ.

ಅರಸನ ಧೈರ್ಯಕ್ಕೆ ಕಾರಣವಿತ್ತು. ಆರು ತಿಂಗಳ ಹಿಂದೆ ವರ್ತಕರು, ದೇವಸ್ಥಾನದವರು, ಅರಮನೆಯ ಅಧಿಕಾರಿಗಳು ಎಲ್ಲ ಕೈಜೋಡಿಸಿ 'ಪಟ್ಟಣದ ಮಕ್ಕಳ ಮತ್ತು ಕುಟುಂಬಗಳ ಏಳಿಗೆಯ ಕೂಟ' ಕಟ್ಟಿದ್ದರು. ಒಟ್ಟು ಹನ್ನೊಂದು ಮಂದಿ. ಎಲ್ಲರೂ ಗಂಡಸರು, ಎಲ್ಲರೂ ಅಜ್ಜಂದಿರು. ಕೂಟ ಎಂದ ಮೇಲೆ ಕೂರಲು ಜಾಗ ಬೇಕಲ್ಲ. ಬಣ್ಣಗಾರರ ಕೇರಿಯ ಕಲ್ಲುಚಾವಡಿ ತಂಪಾಗಿತ್ತು, ಅದನ್ನು ಹಿಡಿದರು.

ಅಲ್ಲಿ ಆಗಲೇ ಮಕ್ಕಳಿದ್ದದ್ದೊಂದು ತೊಡಕಾಯಿತು. ಕೇರಿಯ ಹೆಂಗಸರು ಕುದಿಯುವ ಬಣ್ಣದ ಹಂಡೆಗಳ ಮುಂದೆ ದುಡಿಯುವಷ್ಟು ಹೊತ್ತು ತಮ್ಮ ಕೂಸುಗಳನ್ನು ಅಲ್ಲಿ ಒಬ್ಬ ಮುದುಕಿಯ ಬಳಿ ಬಿಟ್ಟುಹೋಗುತ್ತಿದ್ದರು. ಮಕ್ಕಳ ಏಳಿಗೆಯ ಕೆಲಸಕ್ಕೆ ಗಲಾಟೆಯಾಗುತ್ತದೆಂದು ಕೂಟದವರು ಮಕ್ಕಳನ್ನು ಹೊರಗೆ ಕಳಿಸಿದರು.

"ಚಾವಡಿಯಲ್ಲಿ ಮಕ್ಕಳನ್ನು ಹೇಗೆ ನೋಡಿಕೊಳ್ಳುತ್ತಿದ್ದೀರಿ? ನಾಳೆ ಸಭೆಯಲ್ಲಿ ಓದಿಸಬೇಕು, ಬರೆದು ಒಪ್ಪಿಸಿ" ಎಂದು ಇದನ್ನರಿಯದ ಅರಸ ಅದೇ ಸಭೆಯಲ್ಲಿ ಕೂಟದವರಿಗೆ ಹೇಳಿದ.

ಕೂಟದ ಮುಖಂಡ ಗುರುಸಿದ್ದ ಶೆಟ್ಟರು ನೇರವಾಗಿ ಸೋವಕ್ಕನ ಬಳಿ ಬಂದರು. ಸೋವಕ್ಕ ಆಸ್ಥಾನದ ಬರಹಗಾರ್ತಿ. ಕೂಟ ಸೇರಿದಾಗಲೆಲ್ಲ ಮೂಲೆಯಲ್ಲಿ ಕೂತು ನಡೆದದ್ದನ್ನು ಬರೆದುಕೊಳ್ಳುವುದು ಅವಳ ಕೆಲಸ.

"ಸೋವಕ್ಕ, ಅರಸರು ಕೇಳಿ ಕುಣಿದಾಡಬೇಕು, ಹಾಗೆ ಬರಿ."

"ಬರೀಬಹುದು ಶೆಟ್ಟರೇ. ಚಾವಡೀಲಿ ಮಗು ಅನ್ನೋದು ಒಂದೂ ಇಲ್ಲವಲ್ಲ?"

"ಇದ್ದಿದ್ದರೆ ನಾನೇ ಬರೀತಿದ್ದೆ. ಇಲ್ಲದ್ದಕ್ಕೇ ನಿನ್ನ ಹತ್ತಿರ ಬಂದಿರೋದು. ಸುಳ್ಳೂ ಆಗಬಾರದು, ಸಿಕ್ಕಿಹಾಕಿಕೊಂಡರೆ ತಲೆ ಹೋಗುತ್ತೆ. ಆಗಲ್ಲ ಅಂದರೆ ಹೇಳು, ಬೇರೆ ಬರಹಗಾರರನ್ನ ಇಟ್ಟುಕೊಳ್ತೀವಿ."

ಶೆಟ್ಟರು ಅತ್ತ ಹೋಗುತ್ತಲೇ ಬಣ್ಣಗಾರರ ದುರ್ಗವ್ವ ಬಂದಳು. ಕಂಕುಳಲ್ಲಿ ಎರಡು ವರ್ಷದ ಮಗಳು. ಮಗುವಿನ ಅಂಗಾಲಿಗೆ ಅರಿಶಿನದ ಬಟ್ಟೆ ಸುತ್ತಿತ್ತು.

"ಕಂಬಕ್ಕೆ ಕಟ್ಟಿದ್ದೆ ಅಕ್ಕಾರೆ. ಸೀರೆಯ ತುಂಡು ಬಿಚ್ಚಿಕೊಂಡು ಹಂಡೆ ಹತ್ತಿರ ಹೋಗಿದಾಳೆ. ಇವತ್ತು ಕಾಲು. ನಾಳೆ ಪೂರಾ ಬಿದ್ದರೆ? ಕೆಲಸ ಬಿಟ್ಟರೆ ಒಲೆ ಹತ್ತಲ್ಲ. ಆ ಚಾವಡೀಲಿ ಒಂದು ಮೂಲೆ ಕೊಡಿಸ್ರಿ, ಸಾಕು."

"ಮೂಲೆ ಯಾಕೆ ಕೇಳ್ತೀಯ, ಸುಮ್ಮನಿರು" ಎಂದು ಸೋವಕ್ಕ ಬರೆಯಲು ಕೂತಳು.

ಮಧ್ಯಾಹ್ನ ಬರಹ ಹಿಡಿದು ಕೂಟಕ್ಕೆ ಹೋದಳು. "ಓದಿ ಹೇಳಲೇ?"

ಹನ್ನೊಂದು ಮಂದಿಯೂ ಅವಳನ್ನು ಅನುಕಂಪದಿಂದ ನೋಡಿದರು. ಆ ಕೂಟದಲ್ಲಿ ಇಲ್ಲಿಯವರೆಗೆ ಯಾವ ಬರಹವನ್ನೂ ಯಾರೂ ಓದಿರಲಿಲ್ಲ.

"ಅದಕ್ಕೆಲ್ಲ ಹೊತ್ತೆಲ್ಲಿದೆ?" ಎಂದರು ಶೆಟ್ಟರು. "'ಓದಿ ಒಪ್ಪಲಾಯಿತು' ಅಂತ ಮೇಲೆ ಬರಕೋ. ಮುದ್ರೆ ಎಲ್ಲಿ ಒತ್ತಬೇಕು, ತೋರಿಸು."

ತೋರಿಸಿದಳು. ಹನ್ನೊಂದು ಮುದ್ರೆ ಬಿದ್ದವು. ಆಮೇಲೆ ಊಟಕ್ಕೆ ಎಲೆ ಹಾಕಿದರು.

ಮರುದಿನ ಸಭೆಯಲ್ಲಿ ಸೋವಕ್ಕ ಓದತೊಡಗಿದಳು.

"'ಓದಿ ಒಪ್ಪಲಾಯಿತು. ಚಾವಡಿಯಲ್ಲಿ ಹನ್ನೊಂದು ಮಕ್ಕಳಿವೆ. ಬಂದ ಕೂಡಲೇ ಯಾರು ಎಲ್ಲಿ ಕೂರಬೇಕೆಂದು ಜಗಳ. ಸಮಾಧಾನಕ್ಕೆ ಎಲ್ಲಕ್ಕೂ ಶಾಲು ಹೊದಿಸಿ ಬಾದಾಮಿ ಹಾಲು ಕುಡಿಸಲಾಗುತ್ತದೆ.'"

"ಭೇಷ್" ಎಂದ ಅರಸ. ಶೆಟ್ಟರು ಮೀಸೆ ಸವರಿಕೊಂಡರು.

"'ಒಂದು ಮಗುವಿಗೆ ಪಕ್ಕದ್ದರ ಹಾರ ದಪ್ಪ ಕಂಡು ಮುಖ ಊದಿತು. ಅಷ್ಟೇ ದಪ್ಪದ್ದು ಇನ್ನೊಂದು ತರಿಸಿದ ಮೇಲೆ ನಕ್ಕಿತು.'"

"ಪಾಪ, ಮಕ್ಕಳೇ ಹಾಗೆ" ಎಂದ ಅರಸ. ದೇವಸ್ಥಾನದ ಪಾರುಪತ್ಯಗಾರರು ಮಾತ್ರ ಮೆಲ್ಲಗೆ ಶೆಟ್ಟರ ಕಡೆ ತಿರುಗಿದರು. ಶೆಟ್ಟರ ಕೈ ಮೀಸೆಯ ಮೇಲೇ ನಿಂತುಹೋಗಿತ್ತು.

"'ಉಂಡ ಮೇಲೆ ನಿದ್ದೆ. ಎಬ್ಬಿಸಿ "ಒಪ್ಪಿಗೆಯೇ?" ಎಂದರೆ ಎಲ್ಲವೂ ಒಟ್ಟಿಗೆ ಕೈ ಎತ್ತುತ್ತವೆ, ಯಾತಕ್ಕೆಂದು ಕೇಳುವುದಿಲ್ಲ. ಮನೆಗೆ ಹೋಗುವಾಗ ಒಂದೊಂದಕ್ಕೂ ಹಣ್ಣಿನ ಬುಟ್ಟಿ ಕೊಟ್ಟು ಕಳಿಸಲಾಗುತ್ತದೆ.'"

ಅರಸನ ಕಣ್ಣು ತೇವವಾಯಿತು. "ಹೆತ್ತವರೂ ಇಷ್ಟು ಅಕ್ಕರೆಯಿಂದ ನೋಡಿಕೊಳ್ಳಲಾರರು. ಶೆಟ್ಟರೇ, ಆ ಮಕ್ಕಳನ್ನು ಈಗಲೇ ಕರೆಸಿ."

"ಪ್ರಭು, ಅದು... ಮಕ್ಕಳಿಗೆ ಜ್ವರ."

"ಹನ್ನೊಂದಕ್ಕೂ?"

"ಜ್ವರವೇನೂ ಇಲ್ಲ ಪ್ರಭು" ಎಂದಳು ಸೋವಕ್ಕ. "ಎಲ್ಲವೂ ಮುಂದಿನ ಸಾಲಿನಲ್ಲೇ ಕೂತಿವೆ. ಬರಹದ ಕೆಳಗೆ ಮುದ್ರೆಯನ್ನೂ ತಾವೇ ಒತ್ತಿವೆ."

ಅರಸ ಮುದ್ರೆಗಳನ್ನು ನೋಡಿದ, ಸಾಲನ್ನು ನೋಡಿದ, ಮತ್ತೆ ಮುದ್ರೆಗಳನ್ನು ನೋಡಿದ.

"ಇದು ಮೋಸ ಪ್ರಭು, ನಾವಿದನ್ನು ಓದಿಯೇ ಇಲ್ಲ" ಎಂದು ಶೆಟ್ಟರು ಎದ್ದರು.

"'ಓದಿ ಒಪ್ಪಲಾಯಿತು' ಎಂದು ಇಲ್ಲಿದೆ. ನನಗೆ ಸುಳ್ಳು ಬರೆದು ಕೊಟ್ಟಿದ್ದೀರೆಂದು ತಿಳಿಯಲೇ?"

ಶೆಟ್ಟರು ಕೂತರು. ಅರಸನಿಗೆ ನಗು ತಡೆಯಲಾಗಲಿಲ್ಲ. ಅರಸ ನಕ್ಕ ಮೇಲೆ ಸಭೆಯೂ ನಕ್ಕಿತು. ಹನ್ನೊಂದರಲ್ಲಿ ನಾಲ್ವರು ಅಭ್ಯಾಸಬಲದಿಂದ ತಾವೂ ನಕ್ಕರು.

"ಹಾಗಾದರೆ ನಿಜವಾದ ಮಕ್ಕಳೆಲ್ಲಿ?"

"ಬಣ್ಣದ ಹಂಡೆಗಳ ಪಕ್ಕದಲ್ಲಿ ಪ್ರಭು, ಸೊಂಟಕ್ಕೆ ಬಟ್ಟೆ ಬಿಗಿದು ಕಂಬಕ್ಕೆ ಕಟ್ಟಿದ್ದಾರೆ. ನಿನ್ನೆ ದುರ್ಗವ್ವ ಅನ್ನುವವಳ ಮಗಳು ಕಾಲು ಸುಟ್ಟುಕೊಂಡಿದ್ದಾಳೆ."

ಅರಸನ ನಗು ನಿಂತಿತು. "ನನಗೆ ಯಾರೂ ಹೇಳಲಿಲ್ಲ. ಅಷ್ಟು ದೂರವೇ ಆ ಕೇರಿ?"

"ತಮ್ಮ ಮಹಡಿಯಿಂದ ಕಾಣುತ್ತೆ ಪ್ರಭು."

ಅರಸ ತನ್ನ ಕೊರಳ ಸರವನ್ನು ತೆಗೆದು ಸೋವಕ್ಕನ ಕೈಗೆ ಹಾಕಿದ.

"ಇವತ್ತೇ ಚಾವಡಿ ತೆರವಾಗಲಿ, ಕೂಸುಗಳೆಲ್ಲ ಒಳಗೆ ಬರಲಿ. ಅದು ಸರಿ, ಈ ಹನ್ನೊಂದು ಮಂದಿಯನ್ನು ಎಲ್ಲಿ ಬಿಡೋಣ ಹೇಳು."

"ಅವರವರ ಮನೆಯಲ್ಲೇ ಬಿಡಿ ಪ್ರಭು" ಎಂದಳು ಸೋವಕ್ಕ. "ಕೇರಿಯ ಮಕ್ಕಳ ಅಮ್ಮಂದಿರು ದುಡಿಯೋಕೆ ಹೋಗ್ತಾರೆ, ಅದಕ್ಕೆ ಚಾವಡಿ ಬೇಕು. ಇವರನ್ನ ನೋಡಿಕೊಳ್ಳೋಕೆ ಮನೇಲಿ ಹೆಂಡತೀರಿದ್ದಾರೆ."